ರಾಮನವಮಿ ಸಂಗೀತ ಮತ್ತ ನಮ್ಮ ಅತ್ತಿಯವರ ಟ್ರಾಫಿಕ್ ಜಾಮು

ಯುಗಾದಿ ಬೇವು-ಬೆಲ್ಲ ತಿಂದದ್ದಾತು, ಸಂಡಿಗಿ ಒಣಗಿ ಡಬ್ಬಿ ಸೇರಿದ್ವು, ಉಪ್ಪಿನಕಾಯಿ ಹಾಕೋದೊಂದು ಬಾಕಿ ಅದ. ಮೊನ್ನೆ ಧಾರವಾಡದಿಂದ ನಮ್ಮ ತಂಗಿ ಮಗಳು ಫೋನ್ ಮಾಡಿ, "ಮೌಶಿ, ಸೂಟಿಗೆ ಬೆಂಗಳೂರಿಗೆ ಬಂದ್ರ ನೋಡೋ ಹಂತಾದ್ದು ಏನದ?" ಅಂತ ಕೇಳಿದ್ಲು. ರಾಮನವಮಿ ಸಂಗೀತಕ್ಕ ಬಾ ಅಂದೆ. "ಅಯ್ಯ, ಅದೆಲ್ಲಾ ಮೊಬೈಲಿನಾಗ ಸಿಗ್ತದಲ್ಲಾ" ಅಂದ್ಲು. ಹಾಡು ಸಿಗ್ತಾವ ಖರೇ, ಆದ್ರ ಹಾಡಿನ ಸುತ್ತಮುತ್ತ ಇರೋದು ಸಿಗಂಗಿಲ್ಲ ಅಂತ ಹೇಳೋದರಾಗ ಕುಕ್ಕರ್ ಮೂರನೇ ಸೀಟಿ ಹೊಡೀತು, ಫೋನ್ ಇಟ್ಟೆ. ಹೇಳಬೇಕಾದದ್ದು ಹೊಟ್ಟಿಯೊಳಗ ಹಂಗ ಉಳೀತು. ಅದಕ್ಕ ಬರೀಲಿಕತ್ತೇನಿ.

ಗೊತ್ತಿಲ್ಲದವರಿಗೆ ಥ್ವಾಡೆ ಹೇಳಿಬಿಡ್ತೇನಿ. ರಾಮನವಮಿ ಅಂದ್ರ ಚೈತ್ರ ಶುದ್ಧ ನವಮಿ. ನಮ್ಮ ಕಡೆ ಅವತ್ತ ಮಧ್ಯಾಹ್ನ ಹನ್ನೆರಡಕ್ಕ ರಾಮದೇವರನ್ನ ತೊಟ್ಟಿಲಿಗೆ ಹಾಕಿ ತೂಗಿ, ಪಾನಕ-ಕೋಸಂಬ್ರಿ ತಿಂದ್ರ ಹಬ್ಬ ಮುಗೀತು. ಬೆಂಗಳೂರಾಗ ಹಂಗಲ್ಲ. ಯುಗಾದಿ ಪಾಡ್ಯದಿಂದ ನವಮಿ ತನಕ ಗರ್ಭೋತ್ಸವ ಅಂತಾರ, ನವಮಿಯಿಂದ ಮುಂದ ಜನ್ಮೋತ್ಸವ. ಒಂದೊಂದು ಬಡಾವಣೆದಾಗ ಒಂದೊಂದು ರಾಮಮಂದಿರ, ಎಲ್ಲಾ ಕಡೆ ದಿನಾ ಸಂಜಿಗೆ ಕಛೇರಿ. ಇಲ್ಲೆ ಕಛೇರಿ ಅಂದ್ರ ಹಾಡಿನ ಕಛೇರಿ ಮತ್ತ, ತಹಶೀಲ್ದಾರರ ಕಚೇರಿ ಅಲ್ಲ. ಮದುವಿಯಾದ ಹೊಸದಾಗ ನಮ್ಮ ಅತ್ತಿಯವರು "ಸಂಜೆ ಕಛೇರಿಗೆ ಹೋಗಬೇಕು, ರೆಡಿಯಾಗು" ಅಂದಾಗ ನಾನು ಮದುವಿ ನೋಂದಣಿ ಮಾಡಸ್ಲಿಕ್ಕೆ ಅಂತ ತಿಳಕೊಂಡು ಕಾಗದಪತ್ರ ಹುಡುಕಿಟ್ಟಿದ್ದೆ.

ಈ ಎಲ್ಲಾ ಉತ್ಸವದಾಗ ದೊಡ್ಡದು ಚಾಮರಾಜಪೇಟಿ ಶ್ರೀ ರಾಮಸೇವಾ ಮಂಡಳಿಯವರದು. 1939ರಾಗ ಎಸ್.ವಿ. ನಾರಾಯಣಸ್ವಾಮಿ ರಾವ್ ಅನ್ನೋವ್ರು ಸಣ್ಣದಾಗಿ ಸುರು ಮಾಡಿದ್ದು, ಬೆಳೀತಾ ಬೆಳೀತಾ ಕೋಟೆ ಹೈಸ್ಕೂಲ್ ಮೈದಾನದಾಗ ದೊಡ್ಡ ಚಪ್ಪರ ಹಾಕಿ ತಿಂಗಳಗಟ್ಟಲೆ ನಡಸೋ ಹಂಗ ಆತು. ಪಿಟೀಲು ಚೌಡಯ್ಯನವರು, ಚೆಂಬೈ ವೈದ್ಯನಾಥ ಭಾಗವತರು, ಎಂ.ಎಸ್. ಸುಬ್ಬುಲಕ್ಷ್ಮಿ, ನಮ್ಮ ಭೀಮಸೇನ ಜೋಶಿ, ಶಹನಾಯಿ ಬಿಸ್ಮಿಲ್ಲಾ ಖಾನ್ ಎಲ್ಲಾರೂ ಆ ಉತ್ಸವಕ್ಕ ಬಂದು ಹೋದವರು. ಒಂದು ಕಡೆ ಕೋಟೆ ವೆಂಕಟರಮಣ ಗುಡಿ, ಟಿಪ್ಪುವಿನ ಅರಮನಿ, ಇನ್ನೊಂದು ಕಡೆ ಮಾರ್ಕೆಟ್ಟಿನ ಗದ್ಲ, ನಡುವ ಹಾಡು. ಅಲ್ಲಿಯ ದೊಡ್ಡ ರಸ್ತೆಕ್ಕ ಮೊದಲ ಆಲ್ಬರ್ಟ್ ವಿಕ್ಟರ್ ರೋಡ್ ಅಂತ ಹೆಸರಿತ್ತು, ಈಗ ಅದು ಆಲೂರು ವೆಂಕಟರಾಯರ ರಸ್ತೆ. ಧಾರವಾಡದ ಮನುಷ್ಯಾನ ಹೆಸರು ಚಾಮರಾಜಪೇಟಿ ರಸ್ತೆಕ್ಕ ಅದ ಅಂತ ಗೊತ್ತಾದ ದಿನ ನನಗ ತವರುಮನಿಯವರು ಬಂದು ಮಾತಾಡಿಸಿದ ಹಂಗಾತು.

ನಾನು ಸೊಸಿಯಾಗಿ ಬಂದದ್ದು 1990ರಾಗ. ನಮ್ಮ ಮನ್ಯಾಗ ಹಾಡು ಅಂದ್ರ ಧಾರವಾಡ ಆಕಾಶವಾಣಿ. ಅಪ್ಪಾ ರೇಡಿಯೋ ಹಚ್ಚಿದ್ರ ಮಲ್ಲಿಕಾರ್ಜುನ ಮನಸೂರ ಇಲ್ಲಾ ಗಂಗೂಬಾಯಿ ಹಾನಗಲ್, ಒಂದು ರಾಗ ಸುರು ಆದ್ರ ಅದು ಮುಗಿಯೋದರಾಗ ಅವ್ವನ ಭಕ್ರಿ ಬಡದು ಮುಗೀಬೇಕು. ಇಲ್ಲಿ ಬಂದ್ರ ಎಲ್ಲಾ ಬ್ಯಾರೆ. ಮಾತು ಬ್ಯಾರೆ, ಸಾರು ಬ್ಯಾರೆ, ಹಾಡೂ ಬ್ಯಾರೆ. "ಲಗೂನ ಬರ್ರಿ" ಅಂದ್ರ ಮನಿಮಂದಿ ನಗತಿದ್ರು. ನಾನು ಮಾತು ಕಡಿಮಿ ಮಾಡಿಬಿಟ್ಟಿದ್ದೆ.

ಚೈತ್ರ ಬಂದಾಗ ನೋಡ್ರಿ, ಮನಿ ತಾಳಾನ ಬದಲಾತು. ನಮ್ಮ ಅತ್ತಿಯವರು ವರ್ಷಪೂರ್ತಿ ಸಂಜಿ ಆರಕ್ಕ ಒಲಿ ಮುಂದ ನಿಂದ್ರೋವ್ರು. ನಮ್ಮ ಮಾವನವರಿಗೆ ರಾತ್ರಿ ಬಿಸಿ ಸಾರೇ ಆಗಬೇಕು, ಹಪ್ಪಳ ತಾಟಿಗೆ ಬಿದ್ದಾಗ ಚುರ್ ಅನ್ನಬೇಕು. ಓಣಿ ತುದಿಗೆ ಹೂವು ತರ್ಲಿಕ್ಕೆ ಹೋದ್ರೂ "ಎಲ್ಲಿಗೆ? ಎಷ್ಟ್ಹೊತ್ತಿಗೆ ಬರೋದು?" ಅಂತ ಕೇಳೋವ್ರು. ಕೆಟ್ಟವರಲ್ಲ, ಅವರ ರೂಢಿ ಅದು. ಆದ್ರ ರಾಮೋತ್ಸವದ ಒಂದು ತಿಂಗಳು ಅತ್ತಿಯವರು ಮಧ್ಯಾಹ್ನ ಮೂರಕ್ಕ ಪುಳಿಯೋಗರಿ ಕಲಸಿಟ್ಟು, ಮೊಸರನ್ನಕ್ಕ ಒಗ್ಗರಣಿ ಹಾಕಿ, ತಟ್ಟಿ ಮುಚ್ಚಿ, ಐದೂವರಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಗ ನಿಂತಿರತಿದ್ರು. ಮಾವನವರು ಪೇಪರಿನಿಂದ ತಲಿ ಎತ್ತತಿದ್ದಿಲ್ಲ. ರಾತ್ರಿ ಹತ್ತಕ್ಕ ಬಂದ್ರೂ ಒಂದು ಮಾತಿಲ್ಲ. ರಾಮದೇವರ ಕೆಲಸಕ್ಕ ಹೋದವರನ್ನ ಯಾರು ಕೇಳೋವ್ರು? ಇಡೀ ಓಣಿ ಹೆಣ್ಮಕ್ಕಳಿಗೆ ಅದೊಂದು ತಿಂಗಳು ಹೇಳದೆ ಕೇಳದೆ ಸಿಗೋ ಸೂಟಿ. ಎದುರು ಮನಿಯವರು, ಹಿಂದಿನ ವಠಾರದವರು, ಶೆಟ್ಟರ ಅಂಗಡಿ ಅಮ್ಮ, ಎಲ್ಲಾರೂ ಕೈಯಾಗ ಒಂದೊಂದು ಚಾಪಿ ಹಿಡಕೊಂಡು ಮೆರವಣಿಗಿ ಹೊಂಟಂಗ ಹೋಗ್ತಿದ್ವಿ.

ಅತ್ತಿಯವರದು ಒಂದು ಖಾದಿ ಚೀಲ ಇತ್ತು. ಅದರಾಗ ಚಾಪಿ, ಬೀಸಣಿಗಿ, ನೀರಿನ ಬಾಟ್ಲಿ, ಕಲ್ಲುಸಕ್ಕರಿ ಪೊಟ್ಟಣ, ಒಂದು ಪೆನ್ನು, ಕ್ಯಾಲೆಂಡರ್ ಹಾಳಿ ಹರದು ಮಾಡಿದ ಚೀಟಿ. ಟಿಕೆಟ್ ತಗೊಂಡವರು ಒಳಗ ಕುರ್ಚಿ ಮ್ಯಾಲೆ, ನಾವು ಕಂಪೌಂಡಿನ ಹೊರಗ ಪುಕ್ಕಟ. ಹೊರಗಿನ ಸಭಾ ಒಳಗಿನದಕ್ಕಿಂತ ಸಣ್ಣದಿರಲಿಲ್ಲ. ಹೂವಿನ ಬುಟ್ಟಿ ಪಕ್ಕಕ್ಕಿಟ್ಟು ಕೂತ ಹೆಣ್ಮಕ್ಕಳು, ಆಟೋ ನಿಲ್ಲಿಸಿ ಹಿಂದಿನ ಸೀಟಿನ ಮ್ಯಾಲೆ ಕಾಲು ಚಾಚಿದ ಡ್ರೈವರ್, ಪರೀಕ್ಷಾ ಪುಸ್ತಕ ತೆರಕೊಂಡು ಬೀದಿ ದೀಪದ ಕೆಳಗ ಕೂತ ಹುಡುಗಿ.

ಅಲ್ಲೆ ಒಬ್ಬರು ಹಿರಿಯರು ಬರತಿದ್ರು, ಪಂಚೆ ಉಟ್ಟು, ಮಡಚೋ ಕುರ್ಚಿ ತಗೊಂಡು. ಆಲಾಪನೆ ಸುರು ಆತು ಅಂದ್ರ ಅವರ ಗೊರಕಿನೂ ಸುರು. ಕೃತಿ, ನೆರವಲು, ಸ್ವರ ಎಲ್ಲಾದಕ್ಕೂ ನಿದ್ದಿ. ತನಿ ಆವರ್ತನ ಬಂತು ಅಂದ್ರ, ಅಂದ್ರ ಮೃದಂಗದವರು ಒಬ್ಬರ ಬಾರಿಸೋ ಭಾಗ, ಒಳಗಿನ ಮಂದಿ ಎಲ್ಲಾ ಕಾಫಿಗೆ ಅಂತ ಎದ್ದು ಹೊರಗ ಬರತಿದ್ರು. ಇವರು ಮಾತ್ರ ಆವಾಗ ಕಣ್ಣು ತೆಗದು ನೆಟ್ಟಗ ಕೂತು, ಒಂದೂ ಪೆಟ್ಟು ತಪ್ಪದಂಗ ತೊಡಿ ಮ್ಯಾಲೆ ತಾಳ ಹಾಕೋವ್ರು. ಮುಗೀತು ಅಂದ್ರ ಹೊಳ್ಳಿ ಗೊರಕಿ. ನಮ್ಮ ಅತ್ತಿಯವರು ಅವರಿಗೆ "ಅಲಾರಂ ಮೇಷ್ಟ್ರು" ಅಂತ ಹೆಸರಿಟ್ಟಿದ್ರು. ಅವರು ಎದ್ದು ಕೂತ್ರು ಅಂದ್ರ ನಾವು ಗಡಿಯಾರ ನೋಡತಿದ್ದಿಲ್ಲ, ಒಂಬತ್ತು ದಾಟೇದ ಅಂತ ತಿಳೀತಿತ್ತು.

ಮೂರನೇ ವರ್ಷಕ್ಕ ಧಾರವಾಡದಿಂದ ನಮ್ಮ ಕಾಕಾ ಬಂದ. ಕಾಕಾ ಅಂದ್ರ ಮನಸೂರರ ಮುಂದ ಕೂತು ಕೇಳಿದ ಮನುಷ್ಯಾ. ಕರಕೊಂಡು ಹೋದ್ವಿ. ಮೊದಲನೇ ಹಾಡು ಹತ್ತು ನಿಮಿಷಕ್ಕ ಮುಗದಾಗ ನನ್ನ ಕಡೆ ತಿರುಗಿ, "ಯಾಕ, ಅವರಿಗೆ ಆರಾಮಿಲ್ಲೇನು?" ಅಂತ ಕೇಳಿದ. ಎರಡನೇದೂ ಹಂಗ ಮುಗೀತು. ಆಮ್ಯಾಲೆ ಒಂದು ರಾಗ ಎತ್ತಿಕೊಂಡ್ರು, ಕಾಕಾ ಗಾಡಿ ಹಿಡಿಯೋವ್ರಂಗ ಎದ್ದು ಕೂತು, "ವಾಹ್! ನಮ್ಮ ಭೂಪ!" ಅಂತ ಒದರಿದ. ಹೊರಗಿನ ಸಭಾ ಎಲ್ಲಾ ತಿರುಗಿ ನೋಡ್ತು. ನಮ್ಮ ಅತ್ತಿಯವರು ಭಾಳ ಮೆತ್ತಗ, "ಅದು ಮೋಹನ" ಅಂದ್ರು. "ಭೂಪ ರೀ." "ಮೋಹನ." ಇಬ್ಬರೂ ಬೀಗರು, ಬಿಟ್ಟುಕೊಡ್ಲಿಕ್ಕೆ ತಯಾರಿಲ್ಲ. ಗೊರಕಿ ನಿಲ್ಲಿಸಿ ಅಲಾರಂ ಮೇಷ್ಟ್ರು ಹೇಳಿದ್ರು: "ಎರಡೂ ಒಂದೇ ಸ್ವರ, ಸುಮ್ನೆ ಕೇಳಿ."

ಅವತ್ತಿನಿಂದ ಅತ್ತಿಯವರಿಗೆ, ಕಾಕಾಗ ಒಂದು ಆಟ ಸಿಕ್ಕಂಗಾತು. ಇವರು ಹಿಂದೋಳ ಅಂದ್ರ ಅವ ಮಾಲಕಂಸ ಅನ್ನೋದು, ಇವರು ಕಲ್ಯಾಣಿ ಅಂದ್ರ ಅವ ಯಮನ್, ಶುದ್ಧ ಸಾವೇರಿ ಅಂದ್ರ ದುರ್ಗಾ. ರಾತ್ರಿ ಮನಿಗೆ ನಡಕೊಂಡು ಬರೋ ಮುಂದ ರಾಗದ ಯಾದಿ. ಕಡೀ ದಿನ ಮಾತ್ರ ಕಾಕಾ ಸೋತ. ನಮ್ಮ ಕಡೆ ಮೈಫಿಲ್ ಅಂದ್ರ ಕೊನಿಗೆ ಭೈರವಿ ಹಾಡಿ ಮುಗಸೋದು. ಇಲ್ಲೆ ಕೊನಿಗೆ ಸೌರಾಷ್ಟ್ರ ರಾಗದಾಗ ಮಂಗಳ ಹಾಡಿ ಮುಗಸ್ತಾರ. ಮಂದಿ ಎಲ್ಲಾ ಏಳ್ಲಿಕತ್ರೂ ಕಾಕಾ ಕೂತ. "ಭೈರವಿ ಆಗಲಿಲ್ಲಲ್ಲಾ" ಅಂದ. ಅತ್ತಿಯವರು, "ಭೈರವಿ ಮೊದಲೇ ಆಯ್ತಲ್ಲ, ವರ್ಣ ಹಾಡಿದ್ರಲ್ಲ" ಅಂದ್ರು. ಕರ್ನಾಟಕ ಸಂಗೀತದ ಭೈರವಿ ಬ್ಯಾರೆ, ನಮ್ಮ ಭೈರವಿ ಬ್ಯಾರೆ ಅಂತ ಕಾಕಾಗ ಆವಾಗ ಗೊತ್ತಿರಲಿಲ್ಲ. ಸುಮ್ಮನ ನಮ್ಮ ಅತ್ತಿಯವರ ಮುಖಾ ನೋಡಿ, "ಏನ್ ಮಂದಿ ಮಾರಾಯರ, ಭೈರವಿಯಿಂದ ಸುರು ಮಾಡ್ತಾರ!" ಅಂದ. ಅತ್ತಿಯವರು ನಕ್ಕದ್ದು ನಕ್ಕದ್ದು. ಅವರು ಹಂಗ ಹಲ್ಲು ಕಾಣೋ ಹಂಗ ನಕ್ಕದ್ದನ್ನ ಆ ಮನ್ಯಾಗ ನಾನು ನೋಡಿರಲಿಲ್ಲ. ಮರುದಿನ ಮುಂಜಾನೆ ಕಾಫಿ ಕೊಡೋ ಮುಂದ ತಾವಾಗೇ, "ಲಗೂನ ಕುಡೀಮ್ಮ, ಆರಿಹೋಗತ್ತೆ" ಅಂದ್ರು. ನನ್ನ ಮಾತು ಅವರ ಬಾಯಿಗೆ ಬಂತು. ನಾನು ಮನ್ಯಾಗ ಮತ್ತ ಮಾತಾಡ್ಲಿಕ್ಕೆ ಸುರು ಮಾಡಿದ್ದು ಅವತ್ತಿನಿಂದ.

ನಮ್ಮ ಬಡಾವಣೆ ಸಣ್ಣ ಗುಡಿಯೊಂದರಾಗೂ ಒಂಬತ್ತು ದಿನ ಸಂಗೀತ ಇರತಿತ್ತು. ದೊಡ್ಡ ವಿದ್ವಾಂಸರು ಬರತಿದ್ದಿಲ್ಲ, ಕಲಿಯೋ ಹುಡುಗರು, ಹೊಸಬರು ಹಾಡತಿದ್ರು. ಒಂದು ಸಂಜಿ ಕಛೇರಿ ಸುರು ಆಗೋ ಹೊತ್ತಿಗೆ ಒಬ್ಬ ಹುಡುಗ ಹೆಣ್ಮಕ್ಕಳು ಕೂತ ಕಡೆ ಓಡಿ ಬಂದು, "ಅರ್ಜೆಂಟಾಗಿ ರವೆ ಬೇಕಂತೆ" ಅಂದ. ಯಾರೋ, "ಎಷ್ಟು ಜನಕ್ಕೆ ಉಪ್ಪಿಟ್ಟು?" ಅಂತ ಕೇಳಿದ್ರು. ಇನ್ನೊಬ್ಬರು, "ಬನ್ಸಿ ರವೆನೋ, ಸಣ್ಣ ರವೆನೋ ಕೇಳ್ಕೊಂಡು ಬಾ" ಅಂತ ಹೊಳ್ಳಿ ಕಳಿಸಿದ್ರು. ಉಪ್ಪಿಟ್ಟಿಗಲ್ಲ, ಮೃದಂಗಕ್ಕ! ಮೃದಂಗದ ಎಡಗಡೆ ಚರ್ಮಕ್ಕ ರವಾ ಕಲಸಿ ಮೆತ್ತತಾರ, ಹಂಗಾದ್ರನ ಆ ಗುಂ ಅನ್ನೋ ದಪ್ಪ ಧ್ವನಿ ಬರೋದು, ಕಛೇರಿ ಮುಗದ ಮ್ಯಾಲೆ ಕೆರದು ತಗೀತಾರ. ಅವರ ರವಾ ಡಬ್ಬಿ ಮನ್ಯಾಗ ಉಳದಿತ್ತು. ಗುಡಿ ಬಾಜೂ ಮನಿ ಅಮ್ಮ ಓಡಿ ಹೋಗಿ ಒಂದು ಬಟ್ಟಲು ಚಿರೋಟಿ ರವಾ ತಂದ್ರು. ಮೃದಂಗದವರು ಒಂದು ಹಿಡಿ ತಗೊಂಡು ನೀರು ಹಾಕಿ ನಾದೋದನ್ನ ನಾವೆಲ್ಲಾ ಸುತ್ತಗಟ್ಟಿ ನೋಡಿದ್ವಿ. "ಇನ್ನೂ ಸ್ವಲ್ಪ ನಾದಬೇಕು, ಗಂಟಿದೆ" ಅಂತ ಒಬ್ಬರು ಸಲಹಾನೂ ಕೊಟ್ರು. ಪಾಪ, ಅವರು ಹೂಂ ಅಂದು ಇನ್ನೊಂಚೂರು ನಾದಿದ್ರು. ರವಾ ಕೊಟ್ಟ ಅಮ್ಮ ಆ ವರ್ಷ ಪೂರ್ತಿ "ಅವತ್ತು ನಮ್ಮನೆ ರವೆ ಎಷ್ಟು ಚೆನ್ನಾಗಿ ನುಡೀತು!" ಅನ್ನತಿದ್ರು.

ಅದೇ ಗುಡಿಯೊಳಗ ಇನ್ನೊಂದು ವರ್ಷ ಅಡ್ಡಮಳಿ ಬಂತು. ಚೈತ್ರದ ಮಳಿ ಗೊತ್ತದಲ್ಲಾ, ಮುಂಜಾನೆಯಿಂದ ಧಗಿ ಕಾಯಿಸಿ ಸಂಜಿಗೆ ಒಮ್ಮೆಲೆ ಗುಡುಗು. ಕರೆಂಟ್ ಹೋತು, ಮೈಕ್ ಸತ್ತಿತು. ಚಪ್ಪರದ ತಾಡಪಾಲಿನಾಗ ನೀರು ತುಂಬಿ ಬಸರಿ ಹೊಟ್ಟಿ ಹಂಗ ಇಳೀಲಿಕತ್ತು. ಗಂಡಸರು ಬೊಂಬಿನಿಂದ ಅದನ್ನ ಮ್ಯಾಲೆತ್ತಿದ್ರ ನೀರೆಲ್ಲಾ ದಬದಬ ಅಂತ ಚಪ್ಪಲಿ ಬಿಟ್ಟ ಕಡೆ ಬಿತ್ತು. ಘಟದವರು ತಮ್ಮ ಘಟಾನ ಶಲ್ಯದಾಗ ಸುತ್ತಿ ಕೂಸಿನ ಹಂಗ ಎದಿಗೆ ಅವಚಿಕೊಂಡು ಗರ್ಭಗುಡಿ ಕಡೆ ಓಡಿದ್ರು. ಹಾಡತಿದ್ದ ಹುಡುಗಿಗೆ ಹತ್ತೊಂಬತ್ತೋ ಇಪ್ಪತ್ತೋ. ಎದ್ದು ಹೋಗ್ತಾಳ ಅಂತ ಮಾಡಿದ್ವಿ. ಆಕಿ ತಂಬೂರಿಯವಳಿಗೆ ಕಣ್ಣಸನ್ನಿ ಮಾಡಿ ಹಂಗ ಮುಂದುವರಿಸಿದ್ಲು. ಮಳಿ ಸಪ್ಪಳಕ್ಕ ಕೇಳಸವಲ್ದು ಅಂತ ನಾವು ಚಾಪಿ ಎತ್ತಿಕೊಂಡು ಒಂದೊಂದು ಹೆಜ್ಜಿ ಮುಂದ, ಮುಂದ ಸರಕೊಂತ ಕಡೀಕೆ ಆಕಿ ಮೊಣಕಾಲಿಗೆ ನಮ್ಮ ಮೊಣಕಾಲು ಹತ್ತೋ ಅಷ್ಟು ಹತ್ರ ಕೂತ್ವಿ. ಮಂಗಳಾರತಿ ದೀಪ ಒಂದ ಬೆಳಕು. ಉಸಿರು ತಗೊಳ್ಳೋದೂ ಕೇಳಸತಿತ್ತು. ನಾನು ಎಷ್ಟೋ ದೊಡ್ಡವರನ್ನ ಕೇಳೇನಿ, ಆದ್ರ ಹಾಡು ಅಂದ್ರ ಮನುಷ್ಯಾನ ಎದಿಯಿಂದ ಬರೋ ಉಸಿರು ಅನ್ನೋದು ಖಾತ್ರಿ ಆದದ್ದು ಅವತ್ತ.

ಇನ್ನ ಅತ್ತಿಯವರ ಚೀಟಿ ವಿಷಯಕ್ಕ ಬರ್ತೇನಿ. ಅತ್ತಿಯವರು ಸಣ್ಣವರಿದ್ದಾಗ ವೀಣಾ ಕಲಿತಿದ್ರು. ಜೂನಿಯರ್ ಪರೀಕ್ಷಾ ಪಾಸಾಗಿತ್ತು, ಮದುವಿ ಆತು, ವೀಣಾ ತವರುಮನ್ಯಾಗ ಉಳೀತು. ನಾನು ಬರೋ ಹೊತ್ತಿಗೆ ಅವರ ಹಾಡು ಅಂದ್ರ ಶುಕ್ರವಾರದ ಆರತಿ ಹಾಡು ಅಷ್ಟ. ಆದ್ರ ಕಛೇರಿ ನಡುವ, ವಿದ್ವಾಂಸರಿಗೆ ಇಂಥಾ ಹಾಡು ಹಾಡ್ರಿ ಅಂತ ಮಂದಿ ಚೀಟಿ ಕಳಸೋ ರೂಢಿ ಅದ. ಅತ್ತಿಯವರು ಪ್ರತಿವರ್ಷ ಒಂದೇ ಒಂದು ಪುರಂದರದಾಸರ ದೇವರನಾಮದ ಹೆಸರು ಬರದು, ಸ್ವಯಂಸೇವಕ ಹುಡುಗರ ಕೈಯಾಗ ಕೊಟ್ಟು ಕಳಸೋವ್ರು. ಯಾರು ಹಾಡಿದ್ರೂ ಅದೇ ಚೀಟಿ. ಅದು ಅವರ ಗುರುಗಳು ಕಡೀಗೆ ಹೇಳಿಕೊಟ್ಟ ಹಾಡಂತ, ಎರಡು ನುಡಿ ಆಗಿತ್ತಂತ, ಮೂರನೇ ನುಡಿ ಕಲಿಯೋದರಾಗ ಮದುವಿ ಬಂತಂತ. ಹದಿನೈದು-ಹದಿನಾರು ವರ್ಷದಾಗ ಎರಡು ಸಲ ಹಾಡಿದ್ದು ನನಗ ನೆನಪದ. ಎರಡೂ ಸಲ ಅತ್ತಿಯವರು ಬೀಸಣಿಗಿ ನಿಲ್ಲಿಸಿ ಕೂತಿದ್ರು.

ಒಂದು ವರ್ಷ ಕಾರ್ತೀಕದಾಗ ಮಾವನವರು ಹೋದ್ರು. ಚೈತ್ರ ಬಂದಾಗ ಐದು ತಿಂಗಳು ಆಗಿತ್ತು, ವರ್ಷಾಂತಕ ಇನ್ನ ದೂರ. ಆ ವರ್ಷ ನಮಗ ಹಬ್ಬ ಇಲ್ಲ, ಪಾನಕ ಇಲ್ಲ, ಉತ್ಸವಕ್ಕ ಹೋಗೋ ಮಾತಂತೂ ಇಲ್ಲ. ಮನ್ಯಾಗ ಮಾವನವರ ಅಕ್ಕ ಇದ್ರು, ನಾವೆಲ್ಲಾ ದೊಡ್ಡತ್ತೆ ಅನ್ನತಿದ್ವಿ. ಅವರೂ ಗಂಡನ್ನ ಕಳಕೊಂಡವರು, ಭಾಳ ಕಟ್ಟುನಿಟ್ಟು. ತಮ್ಮ ಹೋದಾಗಿಂದ ನಮ್ಮ ಮನ್ಯಾಗ ಇದ್ರು. ಅತ್ತಿಯವರು ಏನೂ ಅನ್ನತಿದ್ದಿಲ್ಲ. ಐದು ತಿಂಗಳಿಂದ ಅವರು ಹಂಗೂ ಏನೂ ಅನ್ನೋದು ಬಿಟ್ಟಿದ್ರು. ಸಂಜಿ ಐದೂವರಿಗೆ ಓಣಿ ಮಂದಿ ಚಾಪಿ ಹಿಡಕೊಂಡು ಹೋಗೋದನ್ನ ಕಿಡಕಿಯಿಂದ ನೋಡಿ, ಒಳಗ ಹೋಗಿ ಸೊಪ್ಪು ಬಿಡಸ್ಲಿಕ್ಕೆ ಕೂಡತಿದ್ರು. ಬಿಸಿ ಸಾರು ಕೇಳೋವ್ರು ಇಲ್ಲದ ಮನ್ಯಾಗ ಬಿಸಿ ಸಾರು ಮಾಡತಿದ್ರು. ನಾನು ಹಿಂದಿನಿಂದ ನೋಡಿದ್ರ, ಸೊಪ್ಪಿನ ದಂಟು ಹಿಡದ ಕೈ ಆದಿತಾಳ ಹಾಕತಿತ್ತು.

ಅವರಿಗೆ ಮೊಣಕಾಲು ನೋವು, ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಸಬೇಕು. ಒಂದು ಸಂಜಿ ಕರಕೊಂಡು ಹೋಗಿ, ಹೊಳ್ಳಿ ಆಟೋದಾಗ ಬರೋ ಮುಂದ ಕೋಟೆ ಹೈಸ್ಕೂಲ್ ರಸ್ತೆಕ್ಕ ಬಂದ್ವಿ. ಮೈಕಿನಿಂದ ಹಾಡು ಕೇಳ್ತು. ಅತ್ತಿಯವರು ಸೆರಗು ಸರಿಮಾಡಿಕೊಂಡು ಆ ಕಡೆ ಮುಖಾ ತಿರುಗಿಸಿದ್ರು. ನಾನು ಡ್ರೈವರಿಗೆ, "ಇಲ್ಲೆ ಬಾಜೂಕ ಐದು ನಿಮಿಷ ನಿಲ್ಲಸ್ರಿ" ಅಂದೆ. ಅಂವ ಕಂಪೌಂಡ್ ಗ್ವಾಡಿಗೆ ಹಚ್ಚಿ ನಿಲ್ಲಿಸಿದ. ಅತ್ತಿಯವರು ಗಾಬರಿಯಾಗಿ, "ಬೇಡಮ್ಮ, ವರ್ಷದೊಳಗೆ ಉತ್ಸವಕ್ಕೆ ಹೋಗಬಾರದು" ಅಂದ್ರು.

"ನಾವೆಲ್ಲಿ ಹೋಗೇವ್ರಿ ಅತ್ತಿಯವರ? ಆಟೋದಾಗ ಇದ್ದೇವಿ. ಟ್ರಾಫಿಕ್ ಜಾಮ್ ಆಗೇದ ಅಂತ ತಿಳ್ಕೋರಿ" ಅಂದೆ.

ಡ್ರೈವರ್ ಇಂಜಿನ್ ಬಂದ್ ಮಾಡಿ, ಕನ್ನಡಿಯಾಗ ನಮ್ಮನ್ನ ನೋಡಿ, "ಹೌದಮ್ಮ, ಭಾರಿ ಜಾಮು. ಬಿಡೋ ಹಂಗೆ ಕಾಣಲ್ಲ" ಅಂದ. ರಸ್ತೆ ಖಾಲಿ ಇತ್ತು. ಐದು ನಿಮಿಷ ಹೋಗಿ ಒಂದು ತಾಸಾತು. ಇಳಿಯೋ ಮುಂದ ಕಾದದ್ದಕ್ಕ ರೊಕ್ಕಾ ಕೊಟ್ರ ತಗೊಳ್ಳಲಿಲ್ಲ, "ನಾನೂ ಕೇಳಿದ್ನಲ್ಲ" ಅಂದ.

ಬಾಗಲದಾಗ ದೊಡ್ಡತ್ತೆ ನಿಂತಿದ್ರು. "ಯಾಕೆ ಇಷ್ಟು ಹೊತ್ತು?" ನಾನು ಬಾಯಿ ತಗಿಯೋದರಾಗ ಅತ್ತಿಯವರು, "ಟ್ರಾಫಿಕ್ ಜಾಮು, ಅಕ್ಕ" ಅಂದು ಸೀದಾ ಕೈಕಾಲು ತೊಳೀಲಿಕ್ಕೆ ಹೋದ್ರು. ಐದು ತಿಂಗಳ ಮ್ಯಾಲೆ ಅವತ್ತ ರಾತ್ರಿ ಇನ್ನೊಂದು ಸಲ ಅನ್ನ ಹಾಕಿಸಿಕೊಂಡ್ರು.

ಮರುದಿನ ಸಂಜಿ ಐದಕ್ಕ ದೊಡ್ಡತ್ತೆ ಅಡಿಗಿಮನಿಗೆ ಬಂದು, ಡಬ್ಬಿ ಮುಚ್ಚಳ ತೆಗದು ಹಾಕಿ ಮಾಡಿ, ನನ್ನ ಕಡೆ ನೋಡದೆ ಕೇಳಿದ್ರು: "ನನಗೂ ಯಾಕೋ ಮಂಡಿ ನೋವು. ಆ ಡಾಕ್ಟರ್ ಹತ್ರ ನನ್ನೂ ಕರ್ಕೊಂಡು ಹೋಗ್ತೀಯಾ?" ನಾನು, "ಇವತ್ತ ಅವರು ಇರಂಗಿಲ್ಲಲ್ಲಾ ದೊಡ್ಡತ್ತೆ" ಅಂದೆ. "ಇಲ್ಲದಿದ್ರೆ ವಾಪಸ್ ಬಂದ್ರಾಯ್ತು" ಅಂದ್ರು. ಥ್ವಾಡೆ ತಡದು, "ಇವತ್ತೂ ಜಾಮ್ ಇರಬಹುದು, ಅವಳನ್ನೂ ಕರ್ಕೋ, ಮನೇಲಿ ಒಬ್ಬಳೇ ಯಾಕೆ" ಅಂದ್ರು.

ಹಂಗ ಆ ವರ್ಷ ನಾವು ಮೂರು ಮಂದಿ ಹೆಂಗಸರು ಇಲ್ಲದ ಡಾಕ್ಟರಿಗೆ ತೋರಸ್ಲಿಕ್ಕೆ ಎಂಟೋ ಒಂಬತ್ತೋ ಸಲ ಹೋಗಿರಬೇಕು. ಅದೇ ಆಟೋದವನಿಗೆ ಹೇಳಿಟ್ಟಿದ್ವಿ. ಇಳೀತಿದ್ದಿಲ್ಲ. ಚಾಪಿ ಇಲ್ಲ, ಚೀಲ ಇಲ್ಲ, ಪಾನಕ ಇಲ್ಲ. ಕಡೀ ದಿನ ಒಬ್ಬರು ಹೆಣ್ಮಗಳು ಹಾಡತಿದ್ರು. ನಾನು ಕೈಚೀಲದಾಗಿಂದ ಔಷಧ ಅಂಗಡಿ ಬಿಲ್ ತೆಗದು, ಹಿಂದ ಆ ದೇವರನಾಮದ ಹೆಸರು ಬರದು, "ಈಗ ಬಂದೆ" ಅಂತ ಇಳದು ಗೇಟಿನಾಗ ನಿಂತ ಹುಡುಗನ ಕೈಯಾಗ ಕೊಟ್ಟು ಬಂದೆ. ಕಾದ್ವಿ. ಒಂದು ದೇವರನಾಮ ಹಾಡಿದ್ರು, ಅದಲ್ಲ. ಇನ್ನೊಂದು ಹಾಡಿದ್ರು, ಅದೂ ಅಲ್ಲ. ಮಂಗಳ ಆತು. ಚೀಟಿ ಮುಟ್ಟಿತೋ ಇಲ್ಲೋ, ರಾಮದೇವರಿಗೇ ಗೊತ್ತು.

ಆಟೋ ಹೊಳ್ಳಿತು. ಮಕ್ಕಳ ಕೂಟದ ಸರ್ಕಲ್ ಹತ್ರ ಬರೋ ಹೊತ್ತಿಗೆ ನನ್ನ ಬಲಗಡೆಯಿಂದ ಸಣ್ಣಗ ಧ್ವನಿ ಕೇಳ್ತು. ಅತ್ತಿಯವರು ಅದೇ ಹಾಡು ಸುರು ಮಾಡಿದ್ರು. ಧ್ವನಿ ಒಡದಿತ್ತು, ಶ್ರುತಿ ಆಟೋ ಇಂಜಿನಿಂದು. ಮೊದಲನೇ ನುಡಿ, ಎರಡನೇ ನುಡಿ. ಅಲ್ಲಿಗೆ ಅವರಿಗೆ ಬರೋದು ಮುಗೀತು, ನಿಲ್ಲಿಸಿದ್ರು. ಆವಾಗ ಎಡಗಡೆಯಿಂದ ದೊಡ್ಡತ್ತೆ ಮೂರನೇ ನುಡಿ ಹಾಡಿದ್ರು. ನಲವತ್ತು ವರ್ಷ ನಾದಿನಿ-ಅತ್ತಿಗಿ ಆಗಿ ಒಂದೇ ಮನಿತನದಾಗ ಇದ್ದವರು, ಒಬ್ಬರಿಗೆ ಬರೋ ಹಾಡು ಇನ್ನೊಬ್ಬರಿಗೆ ಬರತದ ಅಂತ ಅವತ್ತಿನ ತನಕ ಗೊತ್ತಿರಲಿಲ್ಲ. ಅತ್ತಿಯವರು ನನ್ನ ಮೈಮ್ಯಾಲಿಂದ ಕೈ ಚಾಚಿ ದೊಡ್ಡತ್ತೆ ಕೈ ಹಿಡಕೊಂಡ್ರು. ನಡುವ ಕೂತ ನಾನು ಉಸಿರು ಬಿಡಲಿಲ್ಲ. ನಮ್ಮ ಮನಿ ಬಂದ್ರೂ ಡ್ರೈವರ್ ನಿಲ್ಲಿಸಲಿಲ್ಲ, ಮುಂದಿನ ಓಣಿ ತನಕ ಸಾವಕಾಶ ಹೋಗಿ ಸುತ್ತುಹಾಕಿ ಬಂದ.

ಮರುದಿನದಿಂದ ದೊಡ್ಡತ್ತೆ ಅತ್ತಿಯವರಿಗೆ ಆ ಮೂರನೇ ನುಡಿ ಹೇಳಿಕೊಡ್ಲಿಕ್ಕೆ ಸುರು ಮಾಡಿದ್ರು. ಮಧ್ಯಾಹ್ನ ಅಕ್ಕಿ ಆರಿಸೋ ಹೊತ್ತಿಗೆ, ಜಗಲಿ ಮ್ಯಾಲೆ. "ಅಲ್ಲಿ ಎಳೀಬೇಡ, ಇನ್ನೊಂದ್ಸಲ" ಅಂತ ಬೈಯೋದು. ಅರವತ್ತು ದಾಟಿದ ವಿದ್ಯಾರ್ಥಿನಿ, ಎಪ್ಪತ್ತು ದಾಟಿದ ಟೀಚರ್. ಸೂತಕ, ಮೈಲಿಗಿ, ವರ್ಷಾಂತಕ ಯಾವುದೂ ಆ ಜಗಲಿ ಮ್ಯಾಲೆ ಬರಲಿಲ್ಲ, ಯಾರೂ ಕೇಳಲೂ ಇಲ್ಲ.

ಆಮ್ಯಾಲೆ ದೊಡ್ಡತ್ತೆ ಹೋದ್ರು, ಕೆಲವು ವರ್ಷಕ್ಕ ಅತ್ತಿಯವರೂ ಹೋದ್ರು. 2020ರಾಗ ಲಾಕ್‌ಡೌನ್ ಬಂದಾಗ ಅವರು ಇರಲಿಲ್ಲ. ಆ ವರ್ಷ ರಾಮನವಮಿ ಏಪ್ರಿಲ್ 2ಕ್ಕ ಬಂದಿತ್ತು, ಮನಿ ಬಾಗಲ ದಾಟಂಗಿರಲಿಲ್ಲ. ಓಣಿಯವರು ಫೋನಿನಾಗ ಮಾತಾಡಿಕೊಂಡು, ಸಂಜಿ ಆರೂವರಿಗೆ ಎಲ್ಲಾರೂ ತಮ್ಮ ತಮ್ಮ ಮಾಳಗಿ ಹತ್ತಿದ್ವಿ. ಎದುರು ಮನಿಯವರು ಹಳೇ ಕ್ಯಾಸೆಟ್ ಹಚ್ಚಿ ಸ್ಪೀಕರ್ ಹೊರಗಿಟ್ರು. ಒಬ್ಬೊಬ್ಬರೂ ತಮ್ಮ ತಮ್ಮ ಮನಿ ಪಾನಕ ಕುಡದು, ದೂರದಿಂದ ಲೋಟಾ ಎತ್ತಿ ತೋರಿಸಿದ್ವಿ. ಬೆಲ್ಲದ ಪಾನಕದವರು ಒಂದು ಕಡೆ, ಕರ್ಬೂಜ ಹಣ್ಣಿನವರು ಇನ್ನೊಂದು ಕಡೆ. ಕತ್ತಲಾಗೋ ಹೊತ್ತಿಗೆ ಮು‌ಖಾ ಕಾಣತಿದ್ದಿಲ್ಲ, ಒಂದೊಂದು ಮಾಳಗಿ ಮ್ಯಾಲೆ ತಾಳ ಹಾಕೋ ಕೈ ಅಷ್ಟ ಕಾಣತಿತ್ತು.

ಈಗ ನಾನು ವರ್ಷಾ ಹೋಗ್ತೇನಿ. ಕೆಲವೊಮ್ಮೆ ಟಿಕೆಟ್ ತಗೊಂಡು ಒಳಗ, ಕೆಲವೊಮ್ಮೆ ಹೊರಗ. ನಮ್ಮ ಮನೆಯವರು ಎಲ್ಲಿಗೆ ಅಂತ ಕೇಳಂಗಿಲ್ಲ, ತಾವ ಪುಳಿಯೋಗರಿ ಬಿಸಿ ಮಾಡಿಕೋತಾರ.

ನೀವು ಯಾರರ ಬರೋವ್ರಿದ್ರ ಇಷ್ಟು ನೆನಪಿಡ್ರಿ. ಅಡಿಗಿ ನಾಕಕ್ಕ ಮುಗಿಸಿಬಿಡ್ರಿ. ಹತ್ತಿ ಸೀರಿ ಉಡ್ರಿ, ಧಗಿ ಭಾಳ. ಬೀಸಣಿಗಿ, ನೀರು ಇರಲಿ, ಛತ್ರಿನೂ ಇರಲಿ. ಹೊಸಾ ಚಪ್ಪಲಿ ಬ್ಯಾಡ. ಹತ್ತು ನಿಮಿಷಕ್ಕ ಒಂದು ಹಾಡು ಮುಗದ್ರ ಗಾಬರಿ ಆಗಬ್ಯಾಡ್ರಿ, ನಡುವ ಒಂದು ದೊಡ್ಡದು ಬಂದ ಬರ್ತದ. ತನಿ ಆವರ್ತನದಾಗ ಕಾಫಿಗೆ ಏಳಬ್ಯಾಡ್ರಿ, ಪಾಪ ಅವರು ರವಾ ನಾದಿ ಬಂದಿರ್ತಾರ. ಚೀಟಿ ಕಳಸೋದಿದ್ರ ದೊಡ್ಡ ಅಕ್ಷರದಾಗ ಬರೀರಿ. ಮತ್ತ ಮಂಗಳ ಆಗೋ ತನಕ ಕೂಡ್ರಿ, ಮನ್ಯಾಗ ಯಾರರ ಕೇಳಿದ್ರ ಏನು ಹೇಳಬೇಕು ಅನ್ನೋದು ಈಗ ನಿಮಗ ಗೊತ್ತದ.